ಎಸಿ ಗ್ಯಾಸ್ ಖರ್ಚಾಗಲ್ಲ, ಸೋರುತ್ತೆ

ಬೇಸಿಗೆಯಲ್ಲಿ ಕಾರಿನ ಎಸಿ ತಣ್ಣಗೆ ಬರ್ತಿಲ್ಲ ಅಂದ ಕೂಡಲೇ ಎಲ್ಲರೂ ಹೇಳೋದು ಒಂದೇ ಮಾತು: ಗ್ಯಾಸ್ ಖಾಲಿಯಾಗಿದೆ, ತುಂಬಿಸಿ. ಆದರೆ ಎಸಿ ಗ್ಯಾಸ್ ಪೆಟ್ರೋಲ್ ಥರ ಉರಿದು ಮುಗಿಯಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಾ ಇರುತ್ತೆ. ತುಂಬಿಸಿದ ತಿಂಗಳೊಳಗೆ ಮತ್ತೆ ಕಮ್ಮಿ ಆಯ್ತು ಅಂದ್ರೆ ಎಲ್ಲೋ ಸೋರ್ತಿದೆ. ಈ ಏಪ್ರಿಲ್‌ನಲ್ಲಿ ನನ್ನ ಕಾರಿಗೆ ಆದ ರಿಪೇರಿ ವಿವರ ಬರೀತಿದ್ದೀನಿ, ನಿಮಗೂ ಉಪಯೋಗಕ್ಕೆ ಬರಬಹುದು.

ನಮಗೆ ಎಸಿ ಶೋಕಿಗಲ್ಲ. ರೇಷ್ಮೆಯ ಚಾಕಿ ಹುಳ ತರೋದು ಇದೇ ಹಳೇ ಕಾರಲ್ಲಿ. 150 ಮೊಟ್ಟೆ ಚಾಕಿ ಅಂದ್ರೆ, ಮೊಟ್ಟೆಗೆ 400 ಹುಳ ಅಂತ ಹಿಡಿದರೂ 60 ಸಾವಿರ ಹುಳ. ಅವಕ್ಕೆ 27-28 ಡಿಗ್ರಿ ಬೇಕು. ಬೆಳಗಿನ ತಂಪಲ್ಲಿ ತರೋದೇ ಸರಿ, ಆದರೆ ಚಾಕಿ ಕೇಂದ್ರದಲ್ಲಿ ಸರದಿ ನಿಂತು ಹೊರಡೋ ಹೊತ್ತಿಗೆ ಹತ್ತು ಗಂಟೆ ದಾಟಿರುತ್ತೆ. ಕಿಟಕಿ ಮುಚ್ಚಿದರೆ ಒಳಗೆ ಒಲೆ, ತೆಗೆದರೆ ಬಿಸಿಗಾಳಿಗೆ ಸೊಪ್ಪು ಬಾಡುತ್ತೆ. ಬಿಸಿಗೆ ಸೊರಗಿದ ಹುಳಕ್ಕೆ ಮುಂದೆ ಸಪ್ಪೆ ರೋಗ ಹತ್ತೋದು ಸುಲಭ. ದಿನ ಮುಂದಕ್ಕೆ ಹಾಕೋಣ ಅಂದ್ರೆ ಎರಡನೇ ಜ್ವರದಿಂದ ಎದ್ದ ಹುಳ ಕಾಯಲ್ಲ, ತೋಟದಲ್ಲಿ ಹಿಪ್ಪುನೇರಳೆ ಸೊಪ್ಪೂ ಕಾಯಲ್ಲ.

ಊರ ಹತ್ತಿರದ ಒಂದು ಅಂಗಡಿಯಲ್ಲಿ ಮಾರ್ಚ್‌ನಲ್ಲಿ ಒಂದು ಸಲ, ಇಪ್ಪತ್ತು ದಿನ ಬಿಟ್ಟು ಇನ್ನೊಂದು ಸಲ ಗ್ಯಾಸ್ ತುಂಬಿದ್ದರು. ಸಲಕ್ಕೆ 1,800 ರೂಪಾಯಿ. ಸೋರಿಕೆ ಎರಡು ಸಲವೂ ನೋಡಲಿಲ್ಲ. ಚಾಕಿಗೆ ಮೂರು ದಿನ ಇದೆ ಅನ್ನೋವಾಗ ಮತ್ತೆ ಬಿಸಿಗಾಳಿ.

ನಂಟರೊಬ್ಬರು ಹೇಳಿದ್ರು ಅಂತ ಮೈಸೂರಿನ ಅಶೋಕಪುರಂಗೆ ಹೋದೆ. ಮಾನಂದವಾಡಿ ರಸ್ತೆಯಲ್ಲಿ 1924ರಿಂದ ನಡೀತಿರೋ ರೈಲ್ವೆ ವರ್ಕ್‌ಶಾಪ್ ಇದೆಯಲ್ಲ, ಆ ಏರಿಯಾ. ನಮ್ಮ ರೇಷ್ಮೆಯವರಿಗೆ ಗೊತ್ತಿರೋ ರಸ್ತೆಯೇ, ಶ್ರೀರಾಂಪುರದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಇರೋದೂ ಇದೇ ರಸ್ತೆಯಲ್ಲಿ. ಒಂದು ಅಡ್ಡರಸ್ತೆಯಲ್ಲಿ ಶೀಟಿನ ಶೆಡ್. ಮೆಕ್ಯಾನಿಕ್ ನನ್ನ ವಯಸ್ಸಿನವರು. ಗ್ಯಾಸ್ ಹಾಕಿಕೊಡಿ ಅಂತ ನಾನು ಹೇಳೋ ಮೊದಲೇ, "ಹಿಂದೆ ಯಾವಾಗ ಹಾಕ್ಸಿದ್ರಿ ಯಜಮಾನ್ರೇ?" ಅಂತ ಕೇಳಿದ್ರು. ಹೇಳಿದೆ. "ಹಾಗಾದ್ರೆ ಇವತ್ತು ಗ್ಯಾಸ್ ಮಾತು ಬೇಡ, ಮೊದಲು ತೂತು ಹುಡುಕೋಣ" ಅಂದ್ರು.

ಎಸಿ ಕೆಲಸ ಮಾಡೋ ರೀತಿ ನಮಗೆ ಹೊಸದಲ್ಲ. ಹುಳದ ಮನೆಗೆ ಒದ್ದೆ ಗೋಣಿಚೀಲ ಕಟ್ತೀವಲ್ಲ, ನೀರು ಆರುವಾಗ ಬಿಸಿ ಎಳ್ಕೊಳ್ಳುತ್ತೆ. ಕಾರಲ್ಲಿ ನೀರಿನ ಬದಲು ಆರ್-134ಎ ಅನ್ನೋ ಗ್ಯಾಸ್. ಡ್ಯಾಶ್‌ಬೋರ್ಡ್ ಒಳಗಿನ ಕಾಯಿಲ್‌ನಲ್ಲಿ ಅದು ದ್ರವದಿಂದ ಆವಿ ಆಗ್ತಾ ಒಳಗಿನ ಬಿಸಿ ಹೀರುತ್ತೆ. ಕಂಪ್ರೆಸರ್ ಅದನ್ನ ಒತ್ತಿ, ರೇಡಿಯೇಟರ್ ಮುಂದಿರೋ ಕಂಡೆನ್ಸರ್‌ಗೆ ಕಳಿಸುತ್ತೆ. ಅಲ್ಲಿ ಬಿಸಿ ಹೊರಗೆ ಬಿಟ್ಟು ಮತ್ತೆ ದ್ರವ ಆಗುತ್ತೆ.

ಅವರು ಗೇಜ್ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದ್ರು. ಕಮ್ಮಿ ಒತ್ತಡದ ಕಡೆ 15 ಪಿಎಸ್‌ಐ, ಹೆಚ್ಚು ಒತ್ತಡದ ಕಡೆ 110. ಎರಡೂ ಕಮ್ಮಿ, ಕಂಪ್ರೆಸರ್ ಟಕ್ ಟಕ್ ಅಂತ ಆನ್ ಆಫ್ ಆಗ್ತಿತ್ತು. ಗ್ಯಾಸ್ ಕಮ್ಮಿ ಅನ್ನೋದಕ್ಕೆ ಇದೇ ಗುರುತು. ಉಳಿದ ಗ್ಯಾಸನ್ನ ಮಿಷಿನ್‌ಗೆ ಎಳ್ಕೊಂಡು, ಒಣ ನೈಟ್ರೋಜನ್ ತುಂಬಿ ಜಾಯಿಂಟ್‌ಗಳಿಗೆಲ್ಲ ಸೋಪಿನ ನೊರೆ ಹಚ್ಚಿದ್ರು. ಟ್ಯೂಬ್ ಪಂಕ್ಚರ್ ನೋಡೋ ಹಾಗೇ. ಕಂಡೆನ್ಸರ್ ಕೆಳಗಿನ ಜಾಯಿಂಟ್‌ನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು. ಅದೇ ಜಾಗದಲ್ಲಿ ಎಣ್ಣೆ ಜಿನುಗಿ, ಧೂಳು ಹತ್ತಿ ಕಪ್ಪಗಾಗಿತ್ತು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಸುತ್ತುತ್ತೆ, ಸೋರೋ ಕಡೆ ಕಲೆ ಬಿಡುತ್ತೆ.

ತಪ್ಪಿದ್ದು ಒಂದು ಓ-ರಿಂಗ್. ಬೆರಳುಗುರಿನಷ್ಟಗಲದ ರಬ್ಬರ್ ಬಳೆ. ಅದನ್ನ ಬದಲಾಯಿಸಿ, ಪೈಪ್ ಬಿಚ್ಚಿದ್ದಕ್ಕೆ ತೇವ ಹೀರೋ ಡ್ರೈಯರನ್ನೂ ಹೊಸದು ಹಾಕಿದ್ರು. ಆಮೇಲೆ 45 ನಿಮಿಷ ವ್ಯಾಕ್ಯೂಮ್. ಗಾಳಿ ಎಳೆದರೆ ಒಳಗಿನ ನೀರಿನಂಶ ಕಮ್ಮಿ ಬಿಸಿಯಲ್ಲೇ ಕುದ್ದು ಆವಿಯಾಗಿ ಹೊರಗೆ ಬರುತ್ತೆ. ಪಂಪ್ ನಿಲ್ಲಿಸಿ ಕಾಲು ಗಂಟೆ ಮುಳ್ಳು ನೋಡಿದ್ರು, ಅಲುಗಲಿಲ್ಲ. ಕೊನೆಗೆ ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗ್ಯಾಸ್, ತಕ್ಕಡಿಯಲ್ಲಿ ತೂಗಿ. ಜಾಸ್ತಿ ತುಂಬಿದರೂ ತಂಪು ಕಮ್ಮಿ ಆಗುತ್ತಂತೆ, ಕಂಪ್ರೆಸರ್‌ಗೂ ಕೇಡು. ಎಲ್ಲಾ ಸೇರಿ 3,900 ರೂಪಾಯಿ. ಅದರಲ್ಲಿ ಓ-ರಿಂಗಿನ ಬೆಲೆ 40.

ಅಂಗಡಿಗೆ ಹೋಗೋ ಮೊದಲು ಮನೇಲೇ ನೋಡಬಹುದಾದ್ದು ಇಷ್ಟು:

ಗಾಳಿಯೇ ಕಮ್ಮಿ ಬಂದ್ರೆ ಅದು ಗ್ಯಾಸ್ ತೊಂದರೆ ಅಲ್ಲ. ಕ್ಯಾಬಿನ್ ಫಿಲ್ಟರ್, ಬ್ಲೋವರ್, ಫ್ಯೂಸ್ ನೋಡಿ.

ಓಡುವಾಗ ತಂಪು, ನಿಂತಾಗ ಬಿಸಿ ಅಂದ್ರೆ ಮೊದಲು ಅನುಮಾನ ಕಂಡೆನ್ಸರ್ ಫ್ಯಾನ್ ಮೇಲೆ, ಇಲ್ಲಾ ಕಂಡೆನ್ಸರ್‌ಗೆ ಧೂಳು ಕಟ್ಟಿದೆ. ಸಣ್ಣ ಧಾರೆ ನೀರಲ್ಲಿ ತೊಳೀರಿ, ಜೋರು ಪ್ರೆಷರ್ ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ತವೆ.

ಎಸಿ ಹಾಕಿ ಹತ್ತು ನಿಮಿಷಕ್ಕೆ ದಪ್ಪ ಪೈಪ್ ತಣ್ಣಗಾಗಿ ಬೆವರಬೇಕು. ಆಗದಿದ್ರೆ ತೋರಿಸಿ. ಸಣ್ಣ ಪೈಪ್ ಸುಡುತ್ತೆ, ಕೈ ಹಾಕಬೇಡಿ.

ಪೈಪ್ ಮಾತ್ರ ನೀವೇ ಬಿಚ್ಚಬೇಡಿ. ಈ ಗ್ಯಾಸ್ ಕುದಿಯೋದೇ ಮೈನಸ್ 26 ಡಿಗ್ರಿಯಲ್ಲಿ, ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗಬಹುದು. ಸುಮ್ಮನೆ ಗಾಳಿಗೆ ಬಿಡೋದೂ ತಪ್ಪು, ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಬಿಸಿ ಹಿಡಿಯೋ ಗ್ಯಾಸ್ ಇದು. ನಮ್ಮ ಬೇಸಿಗೆ ಹೆಚ್ಚೋದು ಇಂಥದ್ರಿಂದಲೂ.

ಚಾಕಿ ತಂದ ದಿನ ಹುಳದ ಮನೆಯ ಥರ್ಮಾಮೀಟರನ್ನ ಹಿಂದಿನ ಸೀಟಲ್ಲಿ ಟ್ರೇ ಪಕ್ಕ ಇಟ್ಟಿದ್ದೆ. ಒಂದೂವರೆ ಗಂಟೆ ದಾರಿಯಲ್ಲಿ 27 ದಾಟಲಿಲ್ಲ. ಹುಳ ಈಗ ಮೂರನೇ ಜ್ವರ ಎದ್ದು ಚೆನ್ನಾಗಿ ಮೇಯ್ತಿವೆ. ಗೂಡಿನ ಲೆಕ್ಕ ಮಾರ್ಕೆಟ್‌ಗೆ ಹೋಗಿ ಬಂದ ಮೇಲೆ ಬರೀತೀನಿ.