ಅಂಗಳದ ಅಡಿಕೆ

ಕಾಸರಗೋಡಿನ ತೋಟದ ಮನೆಗಳಲ್ಲಿ ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳದಲ್ಲಿ ತೆಳುವಾಗಿ ಹರವಿ, ಆಗಾಗ ಮಗುಚುತ್ತ ಸುಮಾರು 40–45 ದಿನ ಒಣಗಿಸುವುದು ವಾಡಿಕೆ. ತಂದೆಯವರು ತೀರಿಕೊಂಡ ವರ್ಷ ಆ ಹೊಣೆ ನಮ್ಮದಾಯಿತು. ಶಾಲೆಯ ಪರೀಕ್ಷೆ ಸಮೀಪಿಸಿತೆಂದು 30ನೆಯ ದಿನವೇ ಗೋಣಿಗೆ ತುಂಬಲು ಹೊರಟೆವು. ತಾಯಿಯವರು ಅಡಿಕೆಯೊಂದನ್ನು ಕಿವಿಯ ಬಳಿ ಅಲುಗಿಸಿ, “ಒಳಗೆ ಇನ್ನೂ ಸದ್ದಿಲ್ಲ ಮಗಾ, ತಾಳು” ಎಂದರು. ನಾವು ತಾಳಲಿಲ್ಲ.

ಪರೀಕ್ಷೆ ಮುಗಿಸಿ ಗೋಣಿ ಬಿಚ್ಚಿದಾಗ ಬೂಷ್ಟಿನ ವಾಸನೆ. ಸುಲಿದರೆ ತಿರುಳೆಲ್ಲ ಕಪ್ಪು. ಬಂದ ಹಣ ಸಾಲದ ಬಡ್ಡಿಗೂ ಸಾಲಲಿಲ್ಲ. ತಾಯಿಯವರು ಒಂದು ಮಾತೂ ಆಡಲಿಲ್ಲ.

ಚೆನ್ನಾಗಿ ಒಣಗಿದ ಚಾಲಿಯನ್ನು ಜೋಪಾನವಾಗಿಟ್ಟರೆ, ಮರುವರ್ಷ ಹಳೆಯದೆಂದೇ ಅದಕ್ಕೆ ಹೆಚ್ಚು ಬೆಲೆ. ಹಸಿಯಾಗಿ ಕಟ್ಟಿದುದು ತಿಂಗಳೂ ಬಾಳದು. ತರಗತಿಯಲ್ಲಿ ಅಕ್ಷರ ತಡವರಿಸುವ ಮಗುವನ್ನು ಗದರಿಸಹೊರಟಾಗಲೆಲ್ಲ ಆ ಗೋಣಿಯ ವಾಸನೆ ನೆನಪಾಗಿ ನಾವು ಸುಮ್ಮನಾಗುತ್ತೇವೆ.