ಹಳೆಯ ಅಡುಗೆಮನೆಗೆ ಹೊಸ ಕಪಾಟು

ಇಂಗ್ಲೆಂಡಿನ ಈ ಮನೆಗೆ ನಾವು ಬಂದಾಗ ಅಡುಗೆಮನೆಯ ಕಪಾಟುಗಳು ಹಾಲಿನಂತೆ ಬೆಳ್ಳಗಿದ್ದವು. ಹದಿನಾಲ್ಕು ವರ್ಷಗಳ ಬಿಸಿಲು, ಒಗ್ಗರಣೆಯ ಹೊಗೆ ಸೇರಿ ಅವು ಈಗ ಕೆನೆಬಣ್ಣಕ್ಕೆ ತಿರುಗಿವೆ.

ಈ ಬೇಸಿಗೆಯಲ್ಲಿ ಅಮ್ಮ ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬರುವುದು ನಿಶ್ಚಯವಾಯಿತು. ಮಂಡಿ ಸವೆದ ಅವರು ಕೆಳಗಿನ ಕಪಾಟಿನೊಳಕ್ಕೆ ಬಗ್ಗಲಾರರು. ಆದ್ದರಿಂದ ಎಳೆದು ತೆರೆಯುವ ಖಾನೆಗಳುಳ್ಳ ಎರಡು ಹೊಸ ಕಪಾಟುಗಳನ್ನು ಹಳೆಯ ಸಾಲಿಗೆ ಸೇರಿಸಲು ಹೊರಟೆವು.

ಅಳತೆ ತೊಡಕಾಗಲಿಲ್ಲ, ಇಲ್ಲಿ 300, 400, 500, 600 ಮಿಲಿಮೀಟರ್ ಅಗಲದ ಕಪಾಟುಗಳು ಸಾಮಾನ್ಯ. ತೊಡಕಾದದ್ದು ಬಣ್ಣ. ಅಂಗಡಿಯಿಂದ ತಂದ ಬಿಳಿಯ ಮಾದರಿ ಹಳೆಯ ಬಾಗಿಲಿನ ಒಳಮೈಗೆ ಚೆನ್ನಾಗಿ ಹೊಂದಿತು. ಹೊರಮೈಗೆ ಹಿಡಿದರೆ ಹೊಸ ಬ್ಯಾಂಡೇಜಿನಂತೆ ಎದ್ದು ಕಂಡಿತು. ಮುಖದ ಗಾಯಕ್ಕೆ ಚರ್ಮ ಕಸಿ ಮಾಡುವಾಗ, ಬಣ್ಣ ಹೊಂದಲೆಂದು ಕಿವಿಯ ಹಿಂದಿನ ಚರ್ಮವನ್ನು ಆರಿಸುವುದುಂಟು. ಕಪಾಟಿಗೆ ಅಂಥ ಅನುಕೂಲವೆಲ್ಲಿ? ಬಾಗಿಲುಗಳನ್ನೆಲ್ಲ ಬದಲಿಸಿರೆಂದರು ಬಡಗಿ. ಗಟ್ಟಿಮುಟ್ಟಾದುದನ್ನು ಎಸೆಯಲು ನಮಗೆ ಮನಸ್ಸೊಪ್ಪಲಿಲ್ಲ.

ಕೊನೆಗೆ ಹೊಂದಿಸುವ ಹಟವನ್ನೇ ಬಿಟ್ಟೆವು. ಹೊಸ ಕಪಾಟುಗಳನ್ನು ಎದುರುಗೋಡೆಗೆ, ಕಡುಹಸಿರು ಬಣ್ಣದಲ್ಲಿ ಇರಿಸಿದೆವು. ಹಿಡಿಕೆಗಳನ್ನು ಮಾತ್ರ ಎರಡೂ ಕಡೆ ಒಂದೇ ಬಗೆಯವಾಗಿಸಿದೆವು. ತುಸುವೇ ಬೇರೆಯಾದ ಬಿಳುಪು ತಪ್ಪಿನಂತೆ ಕಾಣುತ್ತದೆ. ಪೂರ್ತಿ ಬೇರೆಯಾದ ಬಣ್ಣ ಬೇಕೆಂದೇ ಮಾಡಿದಂತೆ ಕಾಣುತ್ತದೆ. ಇಂಥ ಕೆಲಸಕ್ಕೆ ಹೊರಟ ಬಂಧುಗಳು ಅಂಗಡಿಗೆ ಬಣ್ಣದ ಹೆಸರನ್ನಲ್ಲ, ಒಂದು ಹಳೆಯ ಬಾಗಿಲನ್ನೇ ಒಯ್ಯುವುದೊಳಿತು.

ಅಮ್ಮ ಬಂದರು. ಬಣ್ಣದ ಬಗ್ಗೆ ಮಾತಿಲ್ಲ. ಮೇಲಿನ ಖಾನೆಯನ್ನು ಎಳೆದು, ಸಾಸಿವೆ ಡಬ್ಬಿ ತೆಗೆದು, "ಬಗ್ಗದೇನೇ ಸಿಕ್ಕಿತಲ್ಲ" ಎಂದರು.