ಕಿಸೆಯ ಚಾಕು, ಅಪ್ಪನ ಕೊಕ್ಕೆ

ಬೆಳಗಿನ ಐದೂವರೆಗೆ ಅಂಕೋಲೆಯಲ್ಲಿ ಪೇಪರ್ ಬಂಡಲ್ ಇಳಿಯುತ್ತದೆ. ಪ್ಲಾಸ್ಟಿಕ್ ಪಟ್ಟಿ ಬಿಗಿದ ಬಂಡಲ್. ಅದನ್ನು ಹಲ್ಲಿನಲ್ಲಿ ಕಚ್ಚಿ, ಬೈಕ್ ಕೀಲಿಯಲ್ಲಿ ಉಜ್ಜಿ ಹರಿಯುವವರಿದ್ದಾರೆ. ನಾವೂ ಎರಡು ವರ್ಷ ಹಾಗೇ ಮಾಡಿದ್ದೇವೆ. ತಾಲೂಕಿನ ಸುದ್ದಿ ಕಳಿಸುವುದು, ಅದೇ ಪತ್ರಿಕೆಯ ಏಜೆನ್ಸಿ ನೋಡಿಕೊಳ್ಳುವುದು ಎರಡೂ ನಮ್ಮದೇ ಕೆಲಸ. ಸುದ್ದಿಯ ದುಡ್ಡಿನಲ್ಲಿ ಪೆಟ್ರೋಲ್ ಆಗುತ್ತದೆ, ಏಜೆನ್ಸಿಯ ದುಡ್ಡಿನಲ್ಲಿ ಅಕ್ಕಿ. (ಬರೆದೂ ಬರೆದೂ ‘ನಾವು’ ಅನ್ನುವುದೇ ರೂಢಿಯಾಗಿದೆ. ಮನೆಯಲ್ಲಿ ಹಾಗೆ ಮಾತಾಡಿದರೆ ಹೆಂಡತಿ ನಗುತ್ತಾಳೆ. ಇಲ್ಲಿ ನಡೆಯಲಿ.)

ಮೂರನೇ ವರ್ಷ ಮೇ ತಿಂಗಳ ಬಂಡಿಹಬ್ಬದ ಪೇಟೆಯಲ್ಲಿ ಒಂದು ಮಡಚುವ ಚಾಕು ಕೊಂಡೆವು. ಪ್ಲಾಸ್ಟಿಕ್ ಹಿಡಿ, ಮೂರು ಇಂಚಿನ ಅಲಗು. ಬಂಡಲ್ ಬಿಚ್ಚಲು ತಂದದ್ದು ಆಮೇಲೆ ಎಲ್ಲಕ್ಕೂ ಬಂತು. ವಯರಿನ ಸಿಪ್ಪೆ ತೆಗೆಯಲು, ಮಗಳ ಪೆನ್ಸಿಲ್ ಚೂಪು ಮಾಡಲು, ರಸ್ತೆ ಬದಿ ಬೈಕ್ ನಿಲ್ಲಿಸಿ ಕರಿ ಇಶಾಡ ಹೆಚ್ಚಲು. (2023ರಲ್ಲಿ ಜಿಐ ಮಾನ್ಯತೆ ಸಿಕ್ಕಾಗ ಆ ಮಾವಿನ ಬಗ್ಗೆ ಬರೆದ ಸುದ್ದಿಗಿಂತ ನಾವು ತಿಂದ ಹಣ್ಣೇ ಹೆಚ್ಚು.) ಯಾವ ಚಾಕು ಒಳ್ಳೆಯದು ಎಂದು ಅಂಗಡಿಯವ ಹತ್ತು ಮಾತು ಹೇಳಿದ. ಕೊಂಡ ಮೇಲೆ ಅದನ್ನು ಎಲ್ಲಿಟ್ಟುಕೊಳ್ಳಬೇಕು ಎಂದು ಅವನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಪ್ಯಾಂಟಿನ ಬಲಗಿಸೆಗೆ ಹಾಕಿಕೊಂಡೆವು. ಅಲ್ಲೇ ಕೀಲಿ, ಚಿಲ್ಲರೆ, ಪೆನ್‌ಡ್ರೈವ್.

ಅಂಥ ಚಾಕುವಿಗೆ ಲಾಕ್ ಇರುವುದಿಲ್ಲ. ಒಳಗಿನ ಸ್ಪ್ರಿಂಗ್ ಪಟ್ಟಿಯೊಂದೇ ಅಲಗನ್ನು ಒತ್ತಿ ಹಿಡಿದಿರುತ್ತದೆ. ಸಮುದ್ರದ ಗಾಳಿಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಪಟ್ಟಿ ತುಕ್ಕು ಹಿಡಿದು ಸಡಿಲವಾಗಿತ್ತು. ಕಾರವಾರದಲ್ಲಿ ಸುದ್ದಿಗೋಷ್ಠಿ ಮುಗಿಸಿ ಬರುವಾಗ ಅವರ್ಸಾದಲ್ಲಿ ಚಹಾಕ್ಕೆ ನಿಂತೆವು. ಚಿಲ್ಲರೆಗೆಂದು ಕಿಸೆಗೆ ಕೈ ಹಾಕಿದೆವು. ಕೈ ಹೊರಬಂದಾಗ ನಡುಬೆರಳಿನಿಂದ ರಕ್ತ ಇಳಿಯುತ್ತಿತ್ತು. ಬೈಕಿನ ಅಲುಗಾಟಕ್ಕೆ ಕೀಲಿಯ ತುದಿ ಅಲಗಿನ ಸಂದಿಗೆ ಹೊಕ್ಕು ಚಾಕುವನ್ನು ಅರ್ಧ ತೆರೆದಿತ್ತು. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ಹೊಲಿಗೆ ಹಾಕಿದ ಡಾಕ್ಟರು ಕಿಸೆಯ ಒಳಬದಿಯನ್ನು ತೋರಿಸಿ, ಬೆರಳಿನ ಚಿಂತೆ ಬಿಡಿ, ಇಲ್ಲಿ ತೊಡೆಸಂದಿಯ ದೊಡ್ಡ ರಕ್ತನಾಳ ಇದೆ, ಬೈಕಿನಿಂದ ಬಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಜಾಗ ಹುಡುಕುವ ಆಟ ಶುರುವಾಯಿತು. ಹಿಂದಿನ ಕಿಸೆಗೆ ಹಾಕಿದರೆ ಕೂತಾಗ ಚುಚ್ಚುತ್ತದೆ. ಬಸ್ಸಿನ ಸೀಟಿನಲ್ಲಿ ಜಾರಿ ಹೋದರೂ ಗೊತ್ತಾಗುವುದಿಲ್ಲ. ಅಂಗಿಯ ಕಿಸೆಗೆ ಹಾಕಿದರೆ ಬಗ್ಗಿದಾಗ ಬೀಳುತ್ತದೆ. ಒಮ್ಮೆ ಬಾವಿಯ ನೀರು ಸೇದಲು ಬಗ್ಗಿದಾಗ ಕೂದಲೆಳೆಯಲ್ಲಿ ಉಳಿಯಿತು. ಕ್ಯಾಮರಾ ಚೀಲದ ತಳದಲ್ಲಿ ಇಟ್ಟರೆ ಯಾರಿಗೂ ತೊಂದರೆ ಇಲ್ಲ, ಬೇಕಾದಾಗ ನಮಗೆ ಸಿಗುವುದೂ ಇಲ್ಲ. ಬೆಲ್ಟಿಗೆ ಚರ್ಮದ ಚೀಲ ಕಟ್ಟಿ ನೋಡಿದೆವು. ಅದು ಆರಾಮವೇ, ಆದರೆ ಸಂತೆಯಲ್ಲಿ ಜನ ಮಾತಿಗಿಂತ ಮೊದಲು ಸೊಂಟ ನೋಡುತ್ತಿದ್ದರು. ಊರಿನ ಜಗಳದ ಸುದ್ದಿಗೆ ಹೋಗುವವರು ಹಾಗೆ ಹೋಗಬಾರದು. ಬೈತಖೋಲ ಬಂದರಿನಲ್ಲಿ ಒಬ್ಬರು ಬಲೆಯ ದಾರ ಕೊಯ್ಯುವ ಚಾಕುವನ್ನು ನೈಲಾನ್ ಹುರಿಯಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನೀರಿಗೆ ಬಿದ್ದರೆ ಹೋಯಿತಲ್ಲ, ಅದಕ್ಕೆ. ಆ ಹುರಿಯ ಉಪಾಯ ನಮಗೆ ಹಿಡಿಸಿತು. ಕುತ್ತಿಗೆಗೆ ಮಾತ್ರ ತೂಗುಹಾಕಬೇಡಿ. ಪಂಪ್‌ಸೆಟ್ಟಿನ ಬೆಲ್ಟಿಗೋ ಅಡಿಕೆ ಸುಲಿಯುವ ಮಷಿನ್ನಿಗೋ ಹುರಿ ಸಿಕ್ಕಿದರೆ ಮೊದಲು ಹೋಗುವುದು ಕುತ್ತಿಗೆ.

ಇದನ್ನೆಲ್ಲ ಅಪ್ಪ ನೋಡುತ್ತಿದ್ದರು, ಮಾತಾಡಲಿಲ್ಲ. ಅವರ ಕತ್ತಿಗೆ ಐವತ್ತು ವರ್ಷದಿಂದ ಒಂದೇ ಜಾಗ. ಸೊಂಟದ ಹಗ್ಗಕ್ಕೆ ಕೊಕ್ಕೆ, ಬೆನ್ನ ಹಿಂದೆ. ಕತ್ತಿಯ ಹಿಡಿ ಮೇಲೆ, ಮೂತಿ ಕೆಳಗೆ. ಹಾಲಕ್ಕಿ ಒಕ್ಕಲಿಗರಿಂದ ಹಿಡಿದು ಗುಡ್ಡದ ಸೊಪ್ಪಿಗೆ ಹೋಗುವ ಎಲ್ಲರೂ ಹೀಗೇ ಒಯ್ಯುತ್ತಾರೆ, ನಿಮ್ಮ ಮನೆಯಲ್ಲೂ ಒಂದಿರಬಹುದು. ಕಾರವಾರದ ಕೊಂಕಣಿ ಮಂದಿಗೆ ಆ ಕತ್ತಿಯೇ ಕೊಯ್ತೊ. ಕೊಡಗಿನಲ್ಲಿ ಒಡಿಕತ್ತಿಯನ್ನು ಬೆನ್ನ ಹಿಂದೆ ಸಿಕ್ಕಿಸುವ ಲೋಹದ ಹಿಡಿಕೆಗೆ ತೋಡಂಗ್ ಎನ್ನುತ್ತಾರೆ. ಮುಂದೆ ಸಿಕ್ಕಿಸುವ ಪೀಚೆಕತ್ತಿಗೆ ಒರೆ ಉಂಟು. ಎಲ್ಲ ಕಡೆಯೂ ಲೆಕ್ಕ ಒಂದೇ. ನಡೆಯುವ ಕಾಲಿಗೆ, ಬೀಸುವ ಕೈಗೆ ಅಲಗು ಅಡ್ಡ ಬರಬಾರದು. ಕೈ ನೋಡದೆಯೇ ಹಿಡಿಯನ್ನು ಹುಡುಕಬೇಕು.

ಈ ಲೆಕ್ಕವನ್ನು ಪ್ಯಾಂಟಿಗೆ ತರುವುದು ಹೇಗೆ? ಎರಡನೇ ಚಾಕು ಕೊಳ್ಳುವಾಗ ಲಾಕ್ ಮತ್ತು ಕ್ಲಿಪ್ ಎರಡೂ ಇರುವುದನ್ನು ಆರಿಸಿದೆವು. ಲಾಕ್ ಇದ್ದರೆ ತೆರೆದ ಅಲಗು ಕೆಲಸದ ನಡುವೆ ಬೆರಳ ಮೇಲೆ ಮಡಚಿಕೊಳ್ಳುವುದಿಲ್ಲ. ಆದರೆ ಹೆಚ್ಚಿನ ಚಾಕುಗಳಲ್ಲಿ ಆ ಲಾಕ್ ತೆರೆದ ಅಲಗಿಗೆ ಮಾತ್ರ. ಮಡಚಿದ್ದು ಕಿಸೆಯಲ್ಲಿ ತೆರೆದುಕೊಳ್ಳದಂತೆ ಅದು ತಡೆಯುವುದಿಲ್ಲ. ಇದನ್ನು ತಿಳಿಯಲು ನಮಗೆ ಎರಡು ಚಾಕು ಬೇಕಾಯಿತು. ಫ್ರಾನ್ಸಿನ ಒಪಿನೆಲ್ ಎಂಬ ಮರದ ಹಿಡಿಯ ಚಾಕುವಿಗೆ 1955ರಿಂದ ತಿರುಗಿಸುವ ಉಂಗುರ ಇದೆ. ಅದರ ಈಗಿನ ಚಾಕುಗಳಲ್ಲಿ ಉಂಗುರ ತೆರೆದಾಗಲೂ ಮಡಚಿದಾಗಲೂ ಅಲಗನ್ನು ಕಟ್ಟಿಹಾಕುತ್ತದೆ. ನಮ್ಮದು ಅಂಥದ್ದಲ್ಲ. ಹಾಗಾಗಿ ಪ್ಯಾಂಟಿನ ಹೊಲಿಗೆಯನ್ನೇ ಬಾಗಿಲು ಮಾಡಿಕೊಂಡೆವು. ಬಲಗಿಸೆಯ ಹಿಂದಿನ ಮೂಲೆಗೆ ಕ್ಲಿಪ್ ಸಿಕ್ಕಿಸಬೇಕು, ಮಡಚಿದ ಅಲಗಿನ ಬೆನ್ನು ಕಿಸೆಯ ಹಿಂಬದಿಯ ಹೊಲಿಗೆಗೆ ಒತ್ತಿರಬೇಕು. ತೆರೆದುಕೊಳ್ಳಲು ಹೊರಟರೆ ಹೊಲಿಗೆ ಅಡ್ಡ ನಿಲ್ಲುತ್ತದೆ. ಆ ಕಿಸೆಯಲ್ಲಿ ಚಾಕು ಬಿಟ್ಟು ಬೇರೇನೂ ಇಲ್ಲ. ಕೀಲಿ, ಚಿಲ್ಲರೆ ಎಡಕ್ಕೆ ಹೋದವು. ಕ್ಲಿಪ್ಪಿನ ತೂತಿಗೆ ಬೈತಖೋಲದ ಉಪಾಯದ ಗಿಡ್ಡ ಹುರಿ, ಅದರ ಇನ್ನೊಂದು ತುದಿ ಬೆಲ್ಟಿನ ಪಟ್ಟಿಗೆ. ಕಾರವಾರದ ಕಡಲತೀರದಲ್ಲಿ ಕೂತು ಎದ್ದ ದಿನ ಕಿಸೆ ಒಳಹೊರಗೆ ಮಾಡಿ ಮರಳು ಕೊಡವಬೇಕು. ಮರಳು ಸೇರಿದರೆ ಲಾಕ್ ಪೂರ್ತಿ ಕೂರುವುದಿಲ್ಲ, ಕೂತಂತೆ ಕಾಣುತ್ತದೆ ಅಷ್ಟೆ. ತೆಂಗಿನೆಣ್ಣೆ ಹಾಕಿ ನೋಡಿದೆವು, ಅಂಟಾಯಿತು. ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಸಾಕು.

ಸೊಂಟಕ್ಕೆ ಬರೀ ಲುಂಗಿ ಇರುವವರು ಮಡಚುವ ಚಾಕುವನ್ನು ಉಡಿಗೆ ಸಿಕ್ಕಿಸಬೇಡಿ. ಕೂತರೆ ಹೊಟ್ಟೆ, ನಿಂತರೆ ಪಾದ. ನಿಮಗೆ ಅಪ್ಪನ ಕೊಕ್ಕೆಯೇ ಸರಿ.

ಇಷ್ಟಾದ ಮೇಲೆ ನಮಗೆ ಹೆಮ್ಮೆ. ಎಂಟು ತಿಂಗಳು ಒಂದು ಗೀರೂ ಇಲ್ಲ. ಬೇರೆ ವರದಿಗಾರರಿಗೂ ಕ್ಲಿಪ್ಪಿನ ಪಾಠ ಹೇಳಿದೆವು. ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆವು. ಪ್ಯಾಂಟು ಗೂಟದಲ್ಲಿತ್ತು, ಚಾಕು ಪ್ಯಾಂಟಿನಲ್ಲಿತ್ತು. ಒಂದನೇ ತರಗತಿಯ ಮಗಳು ಪೆನ್ಸಿಲ್ ಹಿಡಿದುಕೊಂಡು ಬಂದಳು. ನಾವು ಚೂಪು ಮಾಡುವುದನ್ನು ಎಷ್ಟು ಸಲ ನೋಡಿದ್ದಳೋ. ಹುರಿ ಎಳೆದಳು, ಚಾಕು ಬಂತು, ಉಗುರು ಸಿಕ್ಕಿಸಿ ತೆರೆದಳು, ಪೆನ್ಸಿಲ್ ಚೆನ್ನಾಗಿಯೇ ಕೆತ್ತಿದಳು. ಪೆಟ್ಟಾದದ್ದು ಮಡಚುವಾಗ. ನಮ್ಮ ಚಾಕುವಿನ ಲಾಕ್ ತೆಗೆಯಬೇಕಾದರೆ ಹೆಬ್ಬೆರಳನ್ನು ಅಲಗು ಬರುವ ದಾರಿಯಲ್ಲೇ ಇಡಬೇಕು, ಅಲಗು ಇಳಿಯುವ ಮೊದಲು ಹಿಂದೆಗೆಯಬೇಕು. ದೊಡ್ಡವರ ಕೈಗೆ ಅದು ಅಭ್ಯಾಸ. ಅವಳು ಹಿಂದೆಗೆಯಲಿಲ್ಲ.

ಕೂಗಿಗೆ ಎದ್ದು ಓಡಿದೆವು. ಹೆಬ್ಬೆರಳ ಮೇಲೆ ಬಾಯಿ ಬಿಟ್ಟ ಗಾಯ. ಅವಳು ಗಾಯ ನೋಡದೆ ನಮ್ಮ ಮುಖ ನೋಡುತ್ತಿದ್ದಳು, ಬೈಯುತ್ತಾರೆ ಎಂದು. ಬಟ್ಟೆ ಒತ್ತಿ ಹಿಡಿದು ಬೈಕಿನಲ್ಲಿ ಕೂರಿಸಿಕೊಂಡು ಹೋದೆವು. ನಾಲ್ಕು ಹೊಲಿಗೆ. ಬೆರಳು ಮಡಚಲು ಬರುತ್ತದೋ ಇಲ್ಲವೋ ಎಂದು ಡಾಕ್ಟರು ಮಡಚಿಸಿ ನೋಡಿದ ಆ ಗಳಿಗೆಯಲ್ಲಿ ನಾವು ಉಸಿರಾಡಿದ ನೆನಪಿಲ್ಲ. ಮಡಚಿದಳು.

ಸಂಜೆ ಅಪ್ಪ ಒಂದೇ ಮಾತು ಕೇಳಿದರು. "ಚಾಕು ಎಲ್ಲಿಟ್ಟಿದ್ದೆ?"

ಕಿಸೆಯಲ್ಲಿ ಅಂದೆವು.

"ಕಿಸೆಯಲ್ಲಿ ನೀ ಇರಲಿಲ್ಲವಲ್ಲ" ಅಂದರು.

ಆಗ ನೆನಪಾಯಿತು. ಗದ್ದೆಯಿಂದ ಬಂದ ಅಪ್ಪ ಕಾಲು ತೊಳೆಯುವ ಮೊದಲೇ ಕತ್ತಿಯನ್ನು ಕೊಕ್ಕೆಯಿಂದ ತೆಗೆದು ಮಾಡಿನ ಜಂತಿಗೆ ಸಿಕ್ಕಿಸುತ್ತಿದ್ದರು. ಕೊಕ್ಕೆ ಮಾತ್ರ ಗೂಟಕ್ಕೆ. ಬರೀ ಕೊಕ್ಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು ನಾವು ಎಷ್ಟು ಆಡಿದ್ದೇವೋ. ಜಂತಿಯ ಮೇಲಿನ ಕತ್ತಿ ನಮ್ಮ ಕೈಗೆ ಎಟುಕಿದ್ದು ಹೈಸ್ಕೂಲಿಗೆ ಹೋದ ಮೇಲೆ. ಅದನ್ನು ದಿನಾ ನೋಡಿದ್ದೇವೆ, ಆದರೆ ಕತ್ತಿ ಒಯ್ಯುವ ಕ್ರಮದಲ್ಲಿ ಅದೂ ಸೇರಿದೆ ಎಂದು ಹೊಳೆದಿರಲಿಲ್ಲ. ಈಗ ಬಾಗಿಲ ಮೇಲಿನ ಹಲಗೆಯಲ್ಲಿ ಮುಚ್ಚಳದ ಡಬ್ಬಿ ಇದೆ. ಬೈಕ್ ಕೀಲಿ ಮೊಳೆಗೆ, ಚಾಕು ಡಬ್ಬಿಗೆ, ಆಮೇಲೆ ಚಪ್ಪಲಿ. ಮಗಳ ಪೆನ್ಸಿಲ್ಲಿಗೆ ಶಾರ್ಪನರ್ ಬಂದಿದೆ. ಅವಳ ಹೆಬ್ಬೆರಳ ಮೇಲೆ ಬಿಳಿ ಗೆರೆ ಉಳಿದಿದೆ.

ಚಾಕುವನ್ನು ಮನೆಯಲ್ಲೇ ಬಿಡಬೇಕಾದ ದಿನಗಳೂ ಇವೆ. 1959ರ ಆಯುಧ ಕಾಯ್ದೆಯ ಕೆಳಗೆ ಬಂದ 2016ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಯಲ್ಲಿದೆ. ಮನೆಬಳಕೆ, ಕೃಷಿಯಂಥ ಕೆಲಸಕ್ಕೆಂದೇ ಮಾಡಿದವು ಅದರಲ್ಲಿಲ್ಲ. ಮೂರು ಇಂಚಿನ ಚಾಕುವಿಗೆ ಆ ಭಯ ಬೇಡ. ಆದರೆ ನಿಷೇಧಾಜ್ಞೆ ಬಂದರೆ (ಮೊದಲು 144 ಅನ್ನುತ್ತಿದ್ದೆವು, 2024ರ ಜುಲೈನಿಂದ ಬಿಎನ್‌ಎಸ್‌ಎಸ್ 163) ಆ ಆದೇಶದಲ್ಲಿ ಏನು ಒಯ್ಯಬಾರದು ಎಂದು ಬರೆದಿರುತ್ತದೆ, ಓದಿಕೊಳ್ಳಿ. ನಾವು ಆ ಆದೇಶವನ್ನು ಸುದ್ದಿ ಮಾಡಿ ಕಳಿಸಿ, ಮತ ಎಣಿಕೆಯ ದಿನ ಚಾಕು ಸಮೇತ ಮೆಟಲ್ ಡಿಟೆಕ್ಟರ್ ಮುಂದೆ ನಿಂತವರು. ಎದುರಿನ ಚಹಾದಂಗಡಿಯ ಅಕ್ಕ ಸಂಜೆವರೆಗೆ ಇಟ್ಟುಕೊಂಡರು, ಅದರಲ್ಲೇ ಶುಂಠಿ ಹೆಚ್ಚಿದರು. ಗೋವಾದಿಂದ ವಿಮಾನ ಹತ್ತುವವರು ಚಾಕುವನ್ನು ಕೈಚೀಲದಲ್ಲಿ ಇಡಬಾರದು. ಅಲ್ಲಿ ಶುಂಠಿ ಹೆಚ್ಚುವ ಅಕ್ಕ ಇರುವುದಿಲ್ಲ.

ಮಳೆಗಾಲಕ್ಕೆ ಮಾತ್ರ ನಮಗೆ ಇನ್ನೂ ಉಪಾಯ ಸಿಕ್ಕಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ನಾವು ದಿನಗಟ್ಟಲೆ ಅಲ್ಲಿದ್ದೆವು. ಗಾಳಿಗೆ ಟಾರ್ಪಾಲಿನ ಹಗ್ಗ ಬಿಗಿದು ಹರಿಯುವಂತಾಗಿತ್ತು, ಯಾರೋ ಚಾಕು ಎಂದು ಕೂಗಿದರು. ನಮ್ಮ ಚಾಕು ಕಿಸೆಯಲ್ಲಿ, ಕಿಸೆ ರೇನ್‌ಕೋಟಿನ ಪ್ಯಾಂಟಿನೊಳಗೆ. ನಾವು ಗುಂಡಿ ಬಿಚ್ಚುತ್ತಿದ್ದಂತೆ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಂಬಳಿಯ ಹಿಂದೆ ಕೈ ಹಾಕಿ, ಕತ್ತಿ ತೆಗೆದು, ಹಗ್ಗ ಕೊಯ್ದು, ಮತ್ತೆ ಕೊಕ್ಕೆಗೆ ಸಿಕ್ಕಿಸಿದರು. ಕಣ್ಣು ಗುಡ್ಡದ ಮೇಲಿಂದ ತೆಗೆದಿರಲಿಲ್ಲ. ಈ ಜೂನ್‌ನಲ್ಲಿ ರೇನ್‌ಕೋಟಿನ ಹೊರಗೊಂದು ಮುಚ್ಚುವ ಕಿಸೆ ಹೊಲಿಸಿದ್ದೇವೆ. ನೀರು ಹೋಗುತ್ತದೆ. ಟೇಲರು ಇನ್ನೊಂದು ಸಲ ನೋಡುತ್ತೇನೆ ಎಂದಿದ್ದಾರೆ.